ಹದಿನಾಲ್ಕನೆಯ ಚೌಕದ ರೈಟು

ನಮ್ಮ ಭಾವ ಪೆನ್ನಿನಿಂದ ಒಂದೇ ಒಂದು ರೈಟು ಹಾಕಿದ್ದಕ್ಕೆ ಊರಿನ ಮುನ್ನೂರ ಹನ್ನೊಂದು ಜನ ಒಳ್ಳೆಯವರಾಗಿಬಿಟ್ಟರು. ಇದನ್ನು ಕಣ್ಣಾರೆ ಕಂಡವನು ನಾನು. ಕಂಡು ಆರು ತಿಂಗಳಾಯಿತು, ತೆರೆದ ಬಾಯಿ ಇನ್ನೂ ಪೂರ್ತಿ ಮುಚ್ಚಿಲ್ಲ.

ಭಾವ ಅಂದರೆ ನಮ್ಮಕ್ಕನ ಗಂಡ. ಊರಿನ ದೊಡ್ಡ ಗ್ರಂಥಾಲಯದಲ್ಲಿ ನಮೂನೆ ವಿಭಾಗದ ಗುಮಾಸ್ತರು. ಅದೇ ಗ್ರಂಥಾಲಯದಲ್ಲಿ ಪುಸ್ತಕ ವಾಪಸು ತೆಗೆದುಕೊಳ್ಳುವ ಕೌಂಟರಿನಲ್ಲಿ ನಾನು ಕೂರುತ್ತೇನೆ. ಹೀಗಾಗಿ ಮನೆಯಲ್ಲೂ ಕಚೇರಿಯಲ್ಲೂ ಅವರನ್ನು ನೋಡುವ ಯೋಗ ನನ್ನದು. ಭಾವ ದೇವರಂಥ ಮನುಷ್ಯ, ಆದರೆ ಯಾವುದನ್ನೂ ನಿರ್ಧರಿಸಲಾರರು. ಒಮ್ಮೆ ಹಲ್ಲುಜ್ಜುವ ಬ್ರಷ್ಷು ತರಲು ಹೋದವರು, ಅಂಗಡಿಯಲ್ಲಿ ನಲವತ್ತು ಬಗೆಯ ಬ್ರಷ್ಷು ನೇತುಹಾಕಿದ್ದನ್ನು ಕಂಡು ಬೆವರಿ, ಒಂದು ಗಂಟೆ ನಿಂತು, ಕೊನೆಗೆ ಬೂಟಿನ ದಾರ ಕೊಂಡು ಬಂದರು.

"ಯಾವುದಾದ್ರೂ ಒಂದು ತರೋಕೆ ಏನಾಗಿತ್ತು ನಿಮಗೆ?" ಎಂದಳು ಅಕ್ಕ.

"ಆ ಯಾವುದಾದ್ರೂ ಒಂದು ಅನ್ನೋದು ಯಾವುದು ಅಂತಲೇ ಗೊತ್ತಾಗ್ಲಿಲ್ಲ ಕಣೆ" ಎಂದರು ಭಾವ.

ಅವರ ಮಾತೆಲ್ಲ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಆದರೆ ಕೈಗೊಂದು ಪೆನ್ನು ಕೊಟ್ಟು, ಈ ಕಾಗದ ಸರಿಯಾಗಿದೆಯೇ ನೋಡಿ ಅಂದರೆ ಆಸಾಮಿಯೇ ಬೇರೆ. ಓದಿ ಮುಗಿದ ಪ್ರತಿ ಸಾಲಿನ ಪಕ್ಕ, ಕಾಗದದ ಅಂಚಿನಲ್ಲಿ, ಬಾಲ ಮೇಲಕ್ಕೆ ಹಾರುವಂಥ ದೊಡ್ಡ ರೈಟು ಹಾಕುತ್ತಾರೆ. ಅಕ್ಕ ಬರೆದ ಸಾಮಾನಿನ ಚೀಟಿಗೂ ರೈಟು, ಪತ್ರಿಕೆಯಲ್ಲಿ ಬಂದ ಶ್ರದ್ಧಾಂಜಲಿಗೂ ರೈಟು. ಕಚೇರಿಯಲ್ಲಿ ಅವರನ್ನು ಹಿಂದಿನಿಂದ ಎಲ್ಲರೂ ರೈಟಪ್ಪ ಎನ್ನುತ್ತಾರೆ. ಮುಂದಿನಿಂದಲೂ ಕೆಲವರು ಎನ್ನುತ್ತಾರೆ.

ಪ್ರತಿ ವರ್ಷ ಗ್ರಂಥಾಲಯದ ಸದಸ್ಯರು ಒಂದು ನಮೂನೆ ತುಂಬಿಕೊಡಬೇಕು. ಹೆಸರು, ವಿಳಾಸ, ಇಷ್ಟದ ಪುಸ್ತಕ ಎಂದು ಹದಿಮೂರು ಪ್ರಶ್ನೆ. ಹದಿನಾಲ್ಕನೆಯದು ಪ್ರಶ್ನೆಯಲ್ಲ, ಒಂದು ಸಾಲು, ಅದರ ಮುಂದೆ ಒಂದು ಖಾಲಿ ಚೌಕ: "ಪಕ್ಕದ ಅಂಧರ ನಿವಾಸದಲ್ಲಿ ವಾರಕ್ಕೊಂದು ಗಂಟೆ ಪುಸ್ತಕ ಓದಿ ಹೇಳಲು ನನಗೆ ಒಪ್ಪಿಗೆ ಇದೆ." ಒಪ್ಪಿದವರು ಚೌಕದಲ್ಲಿ ರೈಟು ಹಾಕಬೇಕು. ಆರು ವರ್ಷದಲ್ಲಿ ಮೂವರು ಹಾಕಿದ್ದರು. ಒಬ್ಬರು ಕನ್ನಡಕ ಮರೆತು ಬಂದು ಹಾಕಿದ್ದು, ಒಬ್ಬರು ಹಾಕಿದ ವಾರವೇ ತೀರಿಕೊಂಡರು, ಮೂರನೆಯವರಿಗೆ ಓದಲು ಬರುತ್ತಿರಲಿಲ್ಲ.

ಹೋದ ವರ್ಷ ಈ ಸಾಲಿನಲ್ಲಿ 'ಅಂಧರ' ಎನ್ನುವುದು 'ಅಂದರ' ಎಂದು ಅಚ್ಚಾಗಿತ್ತು. ಅಂದವಾಗಿರುವವರ ನಿವಾಸ ಎಲ್ಲಿದೆ ಎಂದು ಇಬ್ಬರು ತರುಣರು ತಲೆ ಬಾಚಿಕೊಂಡು ನನ್ನ ಕೌಂಟರಿಗೇ ಬಂದಿದ್ದರು. ವಿಷಯ ಸಾಹೇಬರವರೆಗೆ ಹೋಯಿತು. ಸಾಹೇಬರು ಅಂದರೆ ನಮ್ಮ ಗ್ರಂಥಾಲಯದ ಮುಖ್ಯಸ್ಥರು. ಅವರು ಭಾವನನ್ನು ಕರೆಸಿ ಹೇಳಿದರು: "ಇನ್ನೊಂದೇ ಒಂದು ತಪ್ಪು ಸಿಕ್ಕಲಿ, ಅಮಾನತು ಮಾಡಿ ಮನೆಗೆ ಕಳಿಸ್ತೀನಿ."

ಆದ್ದರಿಂದ ಈ ವರ್ಷ ಪ್ರೆಸ್ಸಿನಿಂದ ಕರಡು ಬಂದಾಗ ಭಾವ ಉಸಿರು ಬಿಗಿಹಿಡಿದು ಓದಿದರು. ಹದಿಮೂರು ಸಾಲಿಗೂ ಅಂಚಿನಲ್ಲಿ ರೈಟು ಬಿತ್ತು. ಹದಿನಾಲ್ಕನೆಯ ಸಾಲಿಗೆ ಬಂದರು. ಧಕಾರಕ್ಕೆ ಹೊಟ್ಟೆಯೂ ಇತ್ತು, ಸೀಳೂ ಇತ್ತು. ಭಾವನಿಗೆ ಎಷ್ಟು ಸಂತೋಷವಾಯಿತೆಂದರೆ, ರೈಟು ಅಂಚಿಗೆ ಹೋಗುವಷ್ಟು ತಾಳ್ಮೆ ಕೈಗೆ ಉಳಿಯಲಿಲ್ಲ. ಎದುರಿಗೇ ಇದ್ದ ಚೌಕದೊಳಗೆ ಬಿತ್ತು. ನಮ್ಮ ಪ್ರೆಸ್ಸಿನವರು ಪ್ರಾಮಾಣಿಕರು, ಅಂಚನ್ನು ಕತ್ತರಿಸುತ್ತಾರೆ, ಒಳಗಿರುವುದನ್ನು ಇದ್ದಹಾಗೇ ಅಚ್ಚು ಹಾಕುತ್ತಾರೆ. ನೊಣ ಕೂತಿದ್ದರೆ ನೊಣವೂ ಅಚ್ಚಾಗುತ್ತಿತ್ತು. ಬಾಲ ಹಾರಿಸಿದ ಭಾವನ ರೈಟು, ಪೆನ್ನಿನ ನೀಲಿ ಬಣ್ಣದಲ್ಲೇ, ಪ್ರತಿಯೊಂದು ನಮೂನೆಯ ಹದಿನಾಲ್ಕನೆಯ ಚೌಕದಲ್ಲಿ ಕೂತುಬಿಟ್ಟಿತು.

ಅಷ್ಟೇ ಆಗಿದ್ದರೆ ಯಾರಾದರೂ ಹೊಡೆದುಹಾಕುತ್ತಿದ್ದರೋ ಏನೋ. ಈ ವರ್ಷವೇ ಗ್ರಂಥಾಲಯದ ಬಾಗಿಲಲ್ಲಿ ಒಂದು ಯಂತ್ರ ತಂದು ನಿಲ್ಲಿಸಿದ್ದರು. ಗಾಜಿನ ಮೇಲೆ ಬೆರಳಿಟ್ಟು ನಮೂನೆ ತುಂಬುವ ಯಂತ್ರ. ಅಚ್ಚಾದ ನಮೂನೆಯನ್ನೇ ಅದಕ್ಕೂ ಉಣಿಸಿದ್ದರಿಂದ ರೈಟು ಅಲ್ಲೂ ಹೊಳೆಯುತ್ತಿತ್ತು. ನಮ್ಮ ಬೀದಿಯ ದರ್ಜಿ ಅದನ್ನು ಅಳಿಸಲು ಹೋದದ್ದನ್ನು ನಾನೇ ನೋಡಿದೆ. ಬೆರಳಿಟ್ಟ ಕೂಡಲೇ ಯಂತ್ರ ಕೇಳಿತು: "ಒಪ್ಪಿಗೆಯನ್ನು ರದ್ದು ಮಾಡಬೇಕೆ?" ಕೆಳಗೆ ಅಂಗೈಯಗಲದ ಹಸಿರು ಗುಂಡಿಯ ಮೇಲೆ 'ರದ್ದು' ಎಂದಿತ್ತು. ದರ್ಜಿ ಅದನ್ನು ಒತ್ತಿದ. "ರದ್ದು ಮಾಡುವುದನ್ನು ರದ್ದು ಮಾಡಲಾಗಿದೆ" ಎಂದಿತು ಯಂತ್ರ. ಅವನು ಮತ್ತೆ ಒತ್ತಿದ. "ರದ್ದು ಮಾಡುವುದನ್ನು ರದ್ದು ಮಾಡಿದ್ದನ್ನು ರದ್ದು ಮಾಡಬೇಕೆ?" ಎಂದು ಕೇಳಿತು. ಹಿಂದೆ ಸಾಲಿನಲ್ಲಿ ನಿಂತವರು ಗೊಣಗತೊಡಗಿದರು.

"ಇರ್ಲಿ ಬಿಡಿ ಸಾರ್, ಇದು ನನ್ನ ಹೆಂಡ್ತಿ ಕೇಳಿದ ಹಾಗೇ ಕೇಳುತ್ತೆ" ಎಂದು ದರ್ಜಿ ಕೈಮುಗಿದು ಹೊರಟುಹೋದ.

ತಿಂಗಳ ಕೊನೆಗೆ ನಮೂನೆಗಳನ್ನು ಎಣಿಸಿದರೆ, ಮುನ್ನೂರ ಹದಿನಾಲ್ಕು ಸದಸ್ಯರಲ್ಲಿ ಮುನ್ನೂರ ಹನ್ನೊಂದು ಜನ ಓದಿ ಹೇಳಲು ಒಪ್ಪಿದ್ದರು. ಸಾಹೇಬರು ಕುರ್ಚಿಯಿಂದ ಎದ್ದು ನಿಂತು ಎಣಿಕೆಯನ್ನು ಎರಡು ಸಲ ಓದಿದರು. ನಿವಾಸದಲ್ಲಿದ್ದವರು ಮೂವತ್ತೊಂದು ಜನ. ಅದನ್ನು ನೋಡಿಕೊಳ್ಳುವ ವಾರ್ಡನ್ ಅಮ್ಮ ಓಡಿಬಂದು, ಸಾಹೇಬರ ಮೇಜಿನ ಮೇಲಿದ್ದ ಒರೆಸುವ ಬಟ್ಟೆಯಿಂದಲೇ ಕಣ್ಣೊರೆಸಿಕೊಂಡರು. ಸಾಹೇಬರು ಅಂದೇ ಕೇಂದ್ರ ಕಚೇರಿಗೆ "ನನ್ನ ಮಾರ್ಗದರ್ಶನದಲ್ಲಿ ಜನಜಾಗೃತಿ" ಎಂದು ಎರಡು ಪುಟದ ಪತ್ರ ಬರೆದರು.

ಆ ಸಂಜೆ ಭಾವ ಒಂದು ಖಾಲಿ ನಮೂನೆಯನ್ನು ಮನೆಗೆ ತಂದು ಕೂತು ನೋಡಿದರು.

"ಲೇ ಭಾಮೈದ, ಈ ಬಾಲ ನೋಡೋ. ಇದು ನನ್ನದು ಕಣೋ."

ನಾನು ನೋಡಿದೆ. ಸಂಶಯವೇ ಇಲ್ಲ, ಶ್ರದ್ಧಾಂಜಲಿಯ ಮೇಲಿರುತ್ತಿದ್ದ ಅದೇ ರೈಟು.

"ಇನ್ನೊಂದು ತಪ್ಪು ಅಂದಿದ್ರು. ಇದು ಒಂದಲ್ಲ, ಮುನ್ನೂರ ಹನ್ನೊಂದು!" ಎಂದರು ಭಾವ.

"ಹೋಗಿ ಇದ್ದದ್ದು ಇದ್ದಹಾಗೆ ಹೇಳ್ಬಿಡಿ" ಎಂದಳು ಅಕ್ಕ.

"ಹೇಳಿದ್ರೆ ಕೆಲಸ ಹೋಗುತ್ತೆ. ಹೇಳ್ದೆ ಇದ್ರೆ ಪಾಪ, ಊರಿನ ಜನ ತಾವು ಒಪ್ಪದ ಕೆಲಸಕ್ಕೆ ಹೋಗಿ ನಿಲ್ಲಬೇಕು. ಅತ್ತ ದರಿ ಇತ್ತ ಪುಲಿ ಕಣೆ."

ಕೊನೆಗೆ ಅವರು ಹುಡುಕಿದ ನಡುದಾರಿ ಎಂದರೆ, ಮನೆಮನೆಗೆ ಹೋಗಿ ಗುಟ್ಟಾಗಿ "ನೀವು ಬರಬೇಕಾಗಿಲ್ಲ" ಎಂದು ಹೇಳುವುದು. ಜೊತೆಗೆ ನಾನು. ಮೊದಲು ದರ್ಜಿಯ ಅಂಗಡಿಗೆ ಹೋದೆವು.

"ಆ ಹದಿನಾಲ್ಕನೇ ಚೌಕದ ರೈಟು ನೀನು ಹಾಕಿದ್ದಲ್ಲಪ್ಪ, ತಪ್ಪಿ ಬಿದ್ದದ್ದು" ಎಂದರು ಭಾವ.

ದರ್ಜಿ ಬಾಯಿಂದ ಸೂಜಿ ತೆಗೆದ. "ತಪ್ಪಿ ಹೇಗೆ ಬೀಳುತ್ತೆ ಸಾರ್? ನಮ್ಮ ತಾತನಿಗೆ ಕಡೆಗಾಲದಲ್ಲಿ ಕಣ್ಣು ಕಾಣ್ತಿರ್ಲಿಲ್ಲ. ಅವರನ್ನ ನೆನಸ್ಕೊಂಡೇ ನಾನು ರೈಟು ಹಾಕಿದ್ದು."

ನಾನು ದಂಗಾದೆ. ಇದೇ ಮನುಷ್ಯ ಯಂತ್ರದ ಮುಂದೆ ಆ ರೈಟಿನ ಜೊತೆ ಕುಸ್ತಿಯಾಡಿ ಸೋತದ್ದನ್ನು ನಾನು ಕಣ್ಣಾರೆ ಕಂಡಿದ್ದೆ. "ನೀನು ಅದನ್ನ ಅಳಿಸೋಕೆ ನೋಡ್ದೆ ಅಲ್ವೇನಯ್ಯ?" ಎಂದೆ.

"ಅಳಿಸೋದಾ? ಇನ್ನೂ ದಪ್ಪ ಮಾಡೋಕೆ ಒತ್ತಿದ್ದು ನಾನು!"

ಅವನ ಮುಖದಲ್ಲಿ ಸುಳ್ಳಿನ ಸುಳಿವಿರಲಿಲ್ಲ. ಅದೇ ನನ್ನನ್ನು ಹೆದರಿಸಿದ್ದು. ಮುಂದೆ ಬಸ್ ಕಂಡಕ್ಟರ್ ಮನೆಗೆ ಹೋದರೆ, ದಿನವಿಡೀ ಒಂದೇ ಸಾಲು ಕೂಗಿ ಕೂಗಿ ತನ್ನ ಗಂಟಲು ಒಳ್ಳೆಯ ಮಾತಿಗೆ ಹಸಿದಿತ್ತು, ಅದಕ್ಕೇ ರೈಟು ಹಾಕಿದೆ ಎಂದರು. ಎದುರು ಮನೆಯ ಜಗಳಗಂಟಿ ಅತ್ತೆ, ಈ ವಿಚಾರ ತನ್ನ ಮನಸ್ಸಿನಲ್ಲಿ ಎಂಟು ವರ್ಷದಿಂದ ಕೊರೆಯುತ್ತಿತ್ತು ಎಂದರು. ಒಬ್ಬೊಬ್ಬರದ್ದೂ ಒಂದೊಂದು ಕಾರಣ, ಒಂದಕ್ಕಿಂತ ಒಂದು ಮನಮುಟ್ಟುವಂಥದ್ದು. ಭಾವ ಕೇಳುತ್ತಾ ಕೇಳುತ್ತಾ ತಾವೇ ಕಣ್ಣೀರು ಹಾಕಿದರು.

ಮೂಲೆಮನೆಯ ವಕೀಲರ ಹತ್ತಿರ ಭಾವ ಸಾಕ್ಷಿಯನ್ನೇ ಮುಂದಿಟ್ಟರು. ಯಾರೂ ಮುಟ್ಟದ ಹೊಸ ನಮೂನೆ, ಅದರಲ್ಲೂ ರೈಟು. "ನೋಡಿ ಸ್ವಾಮಿ, ಇದು ಅಚ್ಚಾಗಿ ಬಂದಿರೋದು."

ವಕೀಲರು ಕನ್ನಡಕ ಏರಿಸಿ ನೋಡಿದರು. "ಅಬ್ಬಾ! ಥೇಟ್ ನಂದೇ ಬಾಲ. ಯಾರೋ ಪುಣ್ಯಾತ್ಮ ನನ್ನ ಹಾಗೇ ರೈಟು ಹಾಕ್ತಾನಲ್ರೀ!"

"ಅಲ್ಲ ಸ್ವಾಮಿ, ಇದು ನಾನು..."

"ಏನ್ರೀ? ನನ್ನ ರೈಟನ್ನ ನಂದಲ್ಲ ಅನ್ನೋಕೆ ನೀವ್ಯಾರ್ರೀ? ಮೂವತ್ತು ವರ್ಷ ವಕಾಲತ್ತು ಮಾಡಿದೀನಿ, ನನ್ನ ಗುರುತು ನನಗೆ ಗೊತ್ತಿಲ್ವಾ? ಇನ್ನು ಮಾತಾಡಿದ್ರೆ ಮಾನನಷ್ಟ ಕೇಸು ಹೂಡ್ತೀನಿ!"

ಬೀದಿಗೆ ಬಂದ ಮೇಲೆ ಭಾವ ಆ ನಮೂನೆಯನ್ನು ಮಡಚಿ ಜೇಬಿಗಿಟ್ಟರು. ಆಮೇಲೆ, "ನಾನು ಇಷ್ಟು ವರ್ಷ ನನಗೊಬ್ಬನಿಗೇ ನಿರ್ಧಾರ ಮಾಡೋಕೆ ಬರಲ್ಲ ಅಂತ ಕೊರಗ್ತಿದ್ದೆ ಕಣೋ" ಎಂದರು.

ಮೊದಲ ಭಾನುವಾರ ನಿವಾಸದ ಮುಂದೆ ಜಾತ್ರೆ. ಕೈಯಲ್ಲಿ ಪುಸ್ತಕ ಹಿಡಿದ ಮುನ್ನೂರು ಜನ ಒಮ್ಮೆಲೇ ನುಗ್ಗಿದರು. ಗಡಿಯಾರ ರಿಪೇರಿ ಮಾಡಿ ಮಾಡಿ ಕಣ್ಣು ಕಳೆದುಕೊಂಡಿದ್ದ ಅಜ್ಜನೊಬ್ಬನ ಸುತ್ತ ಒಂಬತ್ತು ಮಂದಿ ಕೂತು ಒಂಬತ್ತು ಪುಸ್ತಕವನ್ನು ಒಟ್ಟಿಗೇ ಓದತೊಡಗಿದರು. ಅಜ್ಜ ಮಂಚದ ಕೆಳಗೆ ತೂರಿಕೊಂಡು ಕೂಗಿದ: "ಕಣ್ಣು ಹೋಗಿರೋದು ಸಾಕ್ರಪ್ಪೋ, ಕಿವೀನಾದ್ರೂ ಉಳಿಸ್ರಪ್ಪೋ!"

ವಾರ್ಡನ್ ಅಮ್ಮ ಅಂದೇ ಸರದಿ ಮಾಡಿದರು. ಒಂದು ಸಲಕ್ಕೆ ಮೂವತ್ತೊಂದು ಜನ, ವಾರಕ್ಕೆ ಹತ್ತು ಸರದಿ. ಮುನ್ನೂರ ಹನ್ನೊಂದನೆಯವರು ನಮ್ಮ ಸಾಹೇಬರೇ ಆಗಿದ್ದರು. ತಮಗೆ ಜಾಗ ಸಿಗಲಿಲ್ಲವೆಂದು ಅವರು ಎಲ್ಲರೆದುರು ನಿಟ್ಟುಸಿರು ಬಿಟ್ಟು, ಬಾಗಿಲು ಹಾಕಿಕೊಂಡು ನಕ್ಕರು.

ಆಮೇಲೆ ನಡೆದದ್ದು ಯಾರೂ ಎಣಿಸದ್ದು. ಜನ ಬರುತ್ತಲೇ ಹೋದರು. ಹತ್ತು ಹನ್ನೆರಡು ಮಂದಿ ಕೈಕೊಟ್ಟರು ನಿಜ, ಅವರ ಬದಲು ಅವರ ಹೆಂಡತಿಯೋ ಗಂಡನೋ ಬಂದರು. ಕಂಡಕ್ಟರ್ ಪ್ರಯಾಣದ ಕಥೆ ಓದುವಾಗ ನಿಲ್ದಾಣ ಬಂದಲ್ಲೆಲ್ಲ ತಾವೇ ಕೂಗುತ್ತಿದ್ದರು. ಜಗಳಗಂಟಿ ಅತ್ತೆ ಖಳನಾಯಕನ ಮಾತು ಓದಿದರೆ ಇಡೀ ನಿವಾಸ ನಡುಗುತ್ತಿತ್ತು. ವಕೀಲರು ಗಡಿಯಾರದ ಅಜ್ಜನಿಗೆ ಒಂದು ದಪ್ಪ ಪತ್ತೇದಾರಿ ಕಾದಂಬರಿ ಓದಿ ಹೇಳುತ್ತಿದ್ದರು. ಅಜ್ಜ ಪ್ರತಿ ಪುಟಕ್ಕೂ ಪಾಟೀಸವಾಲು ಹಾಕುತ್ತಿದ್ದ, ವಕೀಲರು ಉತ್ತರ ಕೊಡಲಾರದೆ ಹಿಗ್ಗುತ್ತಿದ್ದರು. ಮಧ್ಯಾಹ್ನದಲ್ಲಿ ನಿವಾಸದ ಕಿಟಕಿಗಳ ಪಕ್ಕ ನಡೆದುಹೋದರೆ ಮೂವತ್ತೊಂದು ದನಿ ಒಟ್ಟಿಗೆ ಕೇಳುತ್ತಿದ್ದವು, ನನಗೆ ಮೈ ಜುಂ ಎನ್ನುತ್ತಿತ್ತು. ಒಬ್ಬ ಗುಮಾಸ್ತನ ಕೈ ಒಂದು ಅಂಗುಲ ತಪ್ಪಿದ್ದಕ್ಕೆ ಇಷ್ಟಾಯಿತೇ ಎಂದು ನಾನು ಎಷ್ಟೋ ಸಲ ಆ ಗೋಡೆಗೆ ಕೈಯಿಟ್ಟು ನಿಂತಿದ್ದೇನೆ.

ಅಷ್ಟರಲ್ಲಿ ಸಾಹೇಬರ ಪತ್ರದ ಫಲವಾಗಿ ಕೇಂದ್ರ ಕಚೇರಿಯಿಂದ ಮೇಡಂ ಒಬ್ಬರು ಬಂದಿಳಿದರು. ಮನುಷ್ಯರು ಹೇಗೆ ನಿರ್ಧಾರ ಮಾಡುತ್ತಾರೆ, ಯಂತ್ರದ ಮೇಲೆ ಯಾವ ಗುಂಡಿ ಎಲ್ಲಿಟ್ಟರೆ ಯಾರ ಬೆರಳು ಎಲ್ಲಿಗೆ ಹೋಗುತ್ತದೆ ಎಂಬುದನ್ನೇ ಓದಿ ದೊಡ್ಡವರಾದವರು. ನಮೂನೆಯನ್ನು ಒಂದು ಸಲ ನೋಡಿದರು, ಯಂತ್ರವನ್ನು ಎರಡು ಸಲ ಒತ್ತಿದರು, ಕನ್ನಡಕ ತೆಗೆದರು.

"ಮನುಷ್ಯ ಇದ್ದದ್ದನ್ನ ಇದ್ದಹಾಗೇ ಬಿಡ್ತಾನೆ" ಎಂದರು. "ಆಮೇಲೆ ಅದಕ್ಕೊಂದು ಕಾರಣ ಹುಡುಕ್ತಾನೆ. ಆ ಕಾರಣ ಮೊದಲಿನಿಂದ್ಲೂ ತನ್ನಲ್ಲೇ ಇತ್ತು ಅಂತ ನಂಬ್ತಾನೆ. ಇಂಥ ಉಪಾಯ ಮಾಡಿದ ಮಹಾನುಭಾವ ಯಾರು?"

"ನಂದೇ ಮಾರ್ಗದರ್ಶನ ಮೇಡಂ" ಎಂದು ಸಾಹೇಬರು ಎದೆ ಉಬ್ಬಿಸಿದರು.

"ಒಳ್ಳೇದು. ಬೇಕು ಅಂತಲೇ ಅಚ್ಚು ಹಾಕಿಸಿದ್ರೆ ಇದು ಸದಸ್ಯರಿಗೆ ಮಾಡಿದ ಮೋಸ. ತಪ್ಪಿ ಬಿದ್ದಿದ್ರೆ ಬೇಜವಾಬ್ದಾರಿ. ಯಾವುದು?"

ಸಾಹೇಬರ ಎದೆಯಿಂದ ಗಾಳಿ ಹೋದದ್ದು ನಮಗೆಲ್ಲ ಕೇಳಿಸಿತು. "ಇವರು ಮೇಡಂ! ನಮೂನೆಯೆಲ್ಲ ಇವರದ್ದೇ. ನನಗೇನೂ ಗೊತ್ತಿಲ್ಲ" ಎಂದು ಭಾವನನ್ನು ಮುಂದಕ್ಕೆ ತಳ್ಳಿ ಕೈ ತೊಳೆದುಕೊಂಡರು.

"ತಪ್ಪಿ ಬಿತ್ತು, ಅಮ್ಮ. ನನ್ನ ಕೈಯಿಂದಲೇ" ಎಂದರು ಭಾವ.

ಮೇಡಂ ಕನ್ನಡಕವನ್ನು ಮತ್ತೆ ಹಾಕಿಕೊಂಡರು. "ಹಾಗಾದ್ರೆ ಜನಕ್ಕೆ ನಿಜ ಹೇಳಬೇಕು. ಹೇಳಿ, ಖಾಲಿ ಚೌಕದ ಹೊಸ ನಮೂನೆ ಕೊಡಬೇಕು. ಭಾನುವಾರ ನಾಲ್ಕು ಗಂಟೆ ಸರದಿಯ ಮೂವತ್ತೊಂದು ಜನ ಸಾಕು ಪರೀಕ್ಷೆಗೆ. ಅವರಲ್ಲಿ ಒಬ್ಬರಾದ್ರೂ ಲಿಖಿತ ದೂರು ಕೊಟ್ರೆ ನಿಮ್ಮ ಅಮಾನತು ತಡೆಯೋಕೆ ನನ್ನಿಂದ ಆಗಲ್ಲ. ಯಾರು ಹೇಳ್ತೀರಿ ಅವರಿಗೆ?"

"ನಾನೇ ಹೇಳ್ತೀನಿ" ಎಂದರು ಭಾವ, ರೆಪ್ಪೆ ಬಡಿಯುವಷ್ಟರಲ್ಲಿ.

ಮನೆಗೆ ಬಂದು ಇದನ್ನು ಹೇಳಿದರೆ ಅಕ್ಕ ನಂಬಲಿಲ್ಲ. "ಎಷ್ಟು ಹೊತ್ತು ಯೋಚನೆ ಮಾಡಿದ್ರು?" ಎಂದು ನನ್ನನ್ನು ಕೇಳಿದಳು. ಮಾಡಲೇ ಇಲ್ಲ ಎಂದೆ. ಅಕ್ಕ ಭಾವನ ಹಣೆ ಮುಟ್ಟಿ ಜ್ವರ ಇದೆಯೇ ನೋಡಿದಳು.

ಭಾನುವಾರ ಮಧ್ಯಾಹ್ನ ಮೂರೂವರೆಗೆ ನಿವಾಸದ ಅಂಗಳದಲ್ಲಿ ಮೂವತ್ತೊಂದು ಜನ ಸೇರಿದರು. ವಕೀಲರು, ಕಂಡಕ್ಟರ್, ಅತ್ತೆ, ದರ್ಜಿ ಎಲ್ಲರೂ ಅದೇ ಸರದಿಯವರು. ಸಾಹೇಬರು ಅಮಾನತಿನ ಆದೇಶವನ್ನು ಬೆರಳಚ್ಚು ಮಾಡಿಸಿ ಜೇಬಿನಲ್ಲೇ ಇಟ್ಟುಕೊಂಡಿದ್ದರು, ಮೂಲೆ ಇಣುಕುತ್ತಿತ್ತು. ಭಾವ ಒಂದು ಸ್ಟೂಲಿನ ಮೇಲೆ ನಿಂತರು. ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದರು:

"ಆ ರೈಟು ನಿಮ್ಮದಲ್ಲ, ನಂದು. ಕರಡು ನೋಡುವಾಗ ಕೈತಪ್ಪಿ ಹಾಕಿದೆ. ನೀವ್ಯಾರೂ ಒಪ್ಪಿರಲಿಲ್ಲ. ನನ್ನ ತಪ್ಪಿನಿಂದ ಇಷ್ಟು ವಾರ ಇಲ್ಲಿಗೆ ಬಂದ್ರಿ. ಕ್ಷಮಿಸಿ."

ಮೇಡಂ ಕೂಡ ಹೌದೆಂದು ತಲೆಯಾಡಿಸಿದಾಗ ಜನ ನಂಬಲೇಬೇಕಾಯಿತು. ಎಲ್ಲರ ಮುಖವೂ ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗಾಯಿತು. ದರ್ಜಿ ತಾತನ ವಿಷಯ ನೆನೆದು ನೆಲ ನೋಡಿದ. ವಕೀಲರು ಮಾತ್ರ ಕೆಂಡವಾದರು.

"ಮೋಸ! ನೂರಕ್ಕೆ ನೂರು ಮೋಸ! ನನ್ನ ಕೈಲಿ ನನ್ನದಲ್ಲದ ರೈಟನ್ನ ನಂದು ಅನ್ನಿಸಿಬಿಟ್ರಲ್ರೀ! ದೂರು ಕೊಡ್ತೀನಿ, ಇವತ್ತೇ ಕೊಡ್ತೀನಿ!"

ಸಾಹೇಬರ ಕೈ ಜೇಬಿಗೆ ಹೋಯಿತು. ಭಾವ ಸ್ಟೂಲಿನಿಂದ ಇಳಿದು ಗೇಟಿನ ಪಕ್ಕ ಹೋಗಿ ನಿಂತರು. ನಾನು ಹೊಸ ನಮೂನೆಗಳನ್ನು ಹಂಚಿದೆ. ಹದಿನಾಲ್ಕನೆಯ ಚೌಕ ಖಾಲಿ.

"ನೂರಕ್ಕೆ ನಾಲ್ಕೈದು ಜನ ರೈಟು ಹಾಕ್ತಾರೆ. ಎಲ್ಲಾ ಕಡೆ ಅಷ್ಟೇ" ಎಂದು ಮೇಡಂ ನನ್ನ ಕಿವಿಯಲ್ಲಿ ಹೇಳಿದರು. ಅವರ ದನಿಯಲ್ಲಿ ಬೇಸರವಿತ್ತು. ಜನ ಪೆನ್ನು ಹಿಡಿದು ನಿಂತರು, ಒಬ್ಬರನ್ನೊಬ್ಬರು ನೋಡಿದರು, ಮಡಚಿದ ಕಾಗದಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ಹಾಕಿದರು. ಮೇಡಂ, ನಾನು, ಸಾಹೇಬರು ಮೂವರೂ ಬಗ್ಗಿ ಬಿಡಿಸತೊಡಗಿದೆವು. ಖಾಲಿ. ಖಾಲಿ. ಇನ್ನೊಂದು ಖಾಲಿ. ಮೂವತ್ತೊಂದರಲ್ಲಿ ಒಂದರಲ್ಲೂ ರೈಟಿರಲಿಲ್ಲ. ನೂರಕ್ಕೆ ನಾಲ್ಕೂ ಇಲ್ಲ.

"ಮುಗೀತು" ಎಂದರು ಸಾಹೇಬರು. "ವಕೀಲರೇ, ಆ ದೂರು..." ಎಂದು ತಲೆಯೆತ್ತಿದರು.

ಅಂಗಳದಲ್ಲಿ ಯಾರೂ ಇರಲಿಲ್ಲ. ಗೇಟಿನ ಹತ್ತಿರ ಭಾವ ಒಬ್ಬರೇ. ಎಲ್ಲ ಮನೆಗೆ ಹೋದರೇ ಎಂದು ನಾನು ಕಣ್ಣಲ್ಲೇ ಕೇಳಿದೆ. ಭಾವ ಒಳಗೆ ಬೆರಳು ತೋರಿಸಿದರು. ನಾಲ್ಕು ಗಂಟೆಯಾಗಿತ್ತು. ಕಿಟಕಿಗಳಿಂದ ಮೂವತ್ತೊಂದು ದನಿ ಒಟ್ಟಿಗೆ ಕೇಳಿಸತೊಡಗಿದವು.

ಮೇಡಂ ಖಾಲಿ ಚೌಕಗಳ ಕಂತೆ ಹಿಡಿದು ಹಾಗೇ ನಿಂತರು. ಎಷ್ಟೋ ಊರು ನೋಡಿದವರು, ಎಷ್ಟೋ ಪುಸ್ತಕ ಓದಿದವರು. ಅವರ ಬಾಯಿಯೂ ನನ್ನಷ್ಟೇ ಅಗಲ ತೆರೆದದ್ದು ನೋಡಿ ನನಗೆ ಸ್ವಲ್ಪ ಧೈರ್ಯ ಬಂತು. ಆಮೇಲೆ ಅವರು ಬಿಳಿ ಹಾಳೆ, ಪೆನ್ನು ತೆಗೆದುಕೊಂಡು ವಕೀಲರು ಓದುತ್ತಿದ್ದ ಕೋಣೆಗೆ ಹೋದರು. ಸಾಹೇಬರು ಹಿಂದೆ, ನಾನು ಅವರ ಹಿಂದೆ.

"ಸ್ವಾಮಿ, ಚೌಕದಲ್ಲಿ ರೈಟು ಹಾಕಿಲ್ಲ ನೀವು" ಎಂದರು ಮೇಡಂ.

"ಹೇಗೆ ಹಾಕಲಿ? ಒಂದು ಸಲ ಕಾಗದದಲ್ಲಿ ಸಿಕ್ಕಿಬಿದ್ದು ಬುದ್ಧಿ ಬಂದಿದೆ. ಇನ್ಮೇಲೆ ನಿಮ್ಮ ಯಾವ ಚೌಕಕ್ಕೂ ನಾನು ಕೈ ಹಾಕಲ್ಲ" ಎಂದರು ವಕೀಲರು, ಪುಟದಿಂದ ಕಣ್ಣೆತ್ತದೆ.

"ಮತ್ತೆ ಓದೋಕೆ ಕೂತಿದ್ದೀರಿ?"

"ಅದಕ್ಕೂ ಇದಕ್ಕೂ ಏನಮ್ಮ ಸಂಬಂಧ? ಇವರು ಕಾಯ್ತಿರ್ತಾರೆ."

"ದೂರು ಬರೆದುಕೊಡ್ತೀನಿ ಅಂದಿದ್ರಿ" ಎಂದು ಸಾಹೇಬರು ಹಾಳೆಯನ್ನು ಮುಂದೆ ಸರಿಸಿದರು.

"ಶ್!" ಎಂದ ಗಡಿಯಾರದ ಅಜ್ಜ. "ಕೊಲೆಗಾರ ಬಾಗಿಲ ಹಿಂದೆ ನಿಂತಿದ್ದಾನೆ. ಯಾರ್ರೀ ಅದು ನಡುವೆ ಕಾಗದ ಪರಪರ ಅನ್ನಿಸೋದು? ಓದಿ ವಕೀಲರೇ."

ಸಾಹೇಬರು ಪಕ್ಕದ ಕೋಣೆಗೆ ಹೋದರು, ಅಲ್ಲೂ "ಶ್!" ಅತ್ತೆಯ ಕೋಣೆಯಲ್ಲಿ ಅವರಿಗೆ ಆದದ್ದನ್ನು ನಾನು ಇಲ್ಲಿ ಬರೆಯಲಾರೆ. ಮೂವತ್ತೊಂದು ಕೋಣೆ ಸುತ್ತಿ, ಬೆವರೊರೆಸಿಕೊಂಡು, ಬಿಳಿ ಹಾಳೆಯನ್ನು ಬಿಳಿಯಾಗಿಯೇ ಹಿಡಿದುಕೊಂಡು ಅವರು ಹಿತ್ತಲ ಬಾಗಿಲಿನಿಂದ ಹೊರಟುಹೋದರು.

ಮೇಡಂ ಮಾತ್ರ ಹೊರಗೆ ಬರಲಿಲ್ಲ. ಗೇಟಿನ ಹತ್ತಿರ ಭಾವ ಒಂದು ಗಂಟೆ ನಿಂತೇ ಇದ್ದರು, ಪಕ್ಕದಲ್ಲಿ ನಾನು. ಐದು ಹೊಡೆದ ಮೇಲೆ ಮೇಡಂ ನಿಧಾನವಾಗಿ ಮೆಟ್ಟಿಲಿಳಿದು ಬಂದರು.

"ದೂರು ಇಲ್ಲ. ಅಮಾನತೂ ಇಲ್ಲ. ನಾಳೆ ಕೆಲಸಕ್ಕೆ ಹೋಗಿ" ಎಂದರು.

ಭಾವ ಗೇಟನ್ನು ಹಿಡಿದುಕೊಂಡರು. "ವರದಿಯಲ್ಲಿ ಏನು ಬರೀತೀರಮ್ಮ?"

"ಒಪ್ಪಿದವರು ಯಾರೂ ಇಲ್ಲ, ಬಿಟ್ಟುಹೋದವರೂ ಯಾರೂ ಇಲ್ಲ ಅಂತ. ಬೇರೇನು ಬರೆಯೋದು?" ಎಂದು ಮೇಡಂ ಹಿಂತಿರುಗಿ ಗಡಿಯಾರದ ಅಜ್ಜನ ಕಿಟಕಿಯನ್ನೇ ಒಮ್ಮೆ ನೋಡಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು: "ಕಥೆ ಇನ್ನೂ ನೂರು ಪುಟ ಇದೆ. ಮುಂದಿನ ಭಾನುವಾರ ಆ ಅಜ್ಜನ ಪಕ್ಕ ಕೂತು ಕೇಳೋಕೆ ನಾನು ಯಾವ ನಮೂನೆ ತುಂಬಬೇಕು?"

ಇಪ್ಪತ್ತಾರು ವರ್ಷ ನಮೂನೆ ವಿಭಾಗದಲ್ಲಿ ದುಡಿದ ನಮ್ಮ ಭಾವ ಒಂದು ಕ್ಷಣವೂ ಯೋಚಿಸಲಿಲ್ಲ.

"ಯಾವುದೂ ಬೇಡಮ್ಮ. ಸುಮ್ನೆ ಬಂದ್ಬಿಡಿ" ಎಂದರು.